ಮಳೆ ಲೆಕ್ಕ ಇಡುವ ಮಕ್ಕಳ ಸರ್ಕಾರಿ ಶಾಲೆ

ಬರುವ ವರ್ಷ ಮಗಳನ್ನು ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸುವುದು ಅಂತ ನಮ್ಮ ಮನೆಯಲ್ಲಿ ದಿನಾ ಇದೇ ಮಾತು. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ನಮ್ಮ ಕೇರಿ ತನಕ ಬರುತ್ತದೆ, ಅಕ್ಕಪಕ್ಕದವರೆಲ್ಲ ಅದಕ್ಕೇ ಹತ್ತಿಸುತ್ತಾರೆ. ಹಾಗಿದ್ದರೂ ಒಮ್ಮೆ ನೋಡೋಣ ಅಂತ ಹೋದ ಜುಲೈನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ.

ಗೇಟಿನ ಒಳಗೆ ಕಾಲಿಡುತ್ತಿದ್ದಂತೆ ಕಣ್ಣಿಗೆ ಬಿದ್ದಿದ್ದು ಒಂದು ಕಪ್ಪು ಹಲಗೆ. ಅದರ ಮೇಲೆ ಹಿಂದಿನ ಏಳು ದಿನದ ಮಳೆ, ಮಿಲಿಮೀಟರ್ ಲೆಕ್ಕದಲ್ಲಿ. ಬರೆಯುವವಳು ಏಳನೇ ಕ್ಲಾಸಿನ ಹುಡುಗಿ. ಮನೆ ಹತ್ತಿರವೇ ಅಂತೆ, ದಿನಾ ಬೆಳಿಗ್ಗೆ ಎಂಟೂವರೆಗೆ ಬಂದು ಮಳೆ ಮಾಪಕ ನೋಡುತ್ತಾಳೆ, ಯಾಕೆಂದರೆ ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಭಾನುವಾರವೂ ಬರುತ್ತೀಯಾ ಅಂದೆ. "ಮಳೆ ಭಾನುವಾರ ರಜಾ ಹಾಕಲ್ಲ ಅಲ್ವಾ ಸರ್" ಅಂದಳು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ನನಗೆ ಹೇಳಿಕೊಟ್ಟವಳೂ ಅವಳೇ. ಹಿಂದಿನ ದಿನ 64 ಮಿಲಿಮೀಟರ್ ಬಿದ್ದಿತ್ತು, ಶಾಲೆಯ ಮಾಡು ಸುಮಾರು 100 ಚದರ ಮೀಟರ್, ಹಾಗಾಗಿ 6,400 ಲೀಟರ್ ಸುಮ್ನೆ ಚರಂಡಿಗೆ ಹೋಯಿತು, ಒಂದು ಟ್ಯಾಂಕ್ ಬೇಕು ಅಂತ ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಗೆ, ಅರ್ಜಿಯನ್ನೂ ಬರೆದಿದ್ದಾಳೆ! ಊರಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಔಷಧಿ ಹೊಡೆಸುವ ಮುಂಚೆ ಈ ಹಲಗೆ ನೋಡಿ ಹೋಗುತ್ತಾರಂತೆ. ಇದನ್ನು ಕೇಳಿ ನನಗೆ ನಿಜವಾಗಲೂ ಖುಷಿಯಾಯಿತು. ಮಗುವಿನ ಕೆಲಸ ಊರಿಗೆ ಬೇಕಾಗುವುದು ಸಣ್ಣ ಮಾತಲ್ಲ.

ಇನ್ನು ನಲಿಕಲಿ, ಅಂದರೆ ಚಿಕ್ಕ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ಕ್ರಮ. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಅಂತ ಕೇಳಿ ನನಗೆ ಭಯವಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು, ಹೆಸರು ಗೊತ್ತಿತ್ತು, ಕೂತು ನೋಡಿರಲಿಲ್ಲ. ಒಂದು ಪುಟ್ಟ ಹುಡುಗ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯುವ ಹಂತಗಳ ಪಟ್ಟಿಯಲ್ಲಿ, ತಾನು ಎಲ್ಲಿದ್ದೇನೆ ಅಂತ ಬೆರಳಿಟ್ಟು ಹುಡುಕಿದ, ತನ್ನ ಕಾರ್ಡ್ ತಾನೇ ತೆಗೆದುಕೊಂಡ, ಹೋಗಿ ಗುಂಪಿನಲ್ಲಿ ಕೂತ. ಯಾರೂ ಹೇಳಲಿಲ್ಲ. ಟೀಚರ್ ಆಗ ಬೇರೆ ಗುಂಪಿನ ಜೊತೆ ನೆಲದ ಮೇಲೆ ಕೂತಿದ್ದರು. ಅವನಿಗೆ ಎಲ್ಲೋ ತಡೆಯಿತು, ಪಕ್ಕದ ಹುಡುಗಿಯನ್ನು ಕೇಳಿದ, ಅವಳು ತನ್ನ ಕೆಲಸ ಬಿಟ್ಟು ತೋರಿಸಿಕೊಟ್ಟಳು. ಮುಕ್ಕಾಲು ಗಂಟೆ ಅಲ್ಲೇ ಇದ್ದೆ, ಭಯ ಪೂರ್ತಿ ಹೋಯಿತು.

ಮಕ್ಕಳೇ ಮಂತ್ರಿಗಳಾಗುವ ಶಾಲಾ ಮಂತ್ರಿಮಂಡಲ ಎಲ್ಲ ಕಡೆ ಇರುತ್ತದೆ, ಎಷ್ಟೋ ಕಡೆ ಹೆಸರಿಗೆ ಮಾತ್ರ. ಇಲ್ಲಿ ಹಾಗಲ್ಲ. ಬಿಸಿಯೂಟದ ಹೊತ್ತಿಗೆ ಆರೋಗ್ಯ ಮಂತ್ರಿ ನಲ್ಲಿಯ ಹತ್ತಿರ ನಿಂತು ಕೈ ನೋಡಿಯೇ ಒಳಗೆ ಬಿಡುತ್ತಾನೆ, ನನ್ನ ಕೈಯನ್ನೂ ನೋಡಿದ. ಸಂಜೆ ಹಳ್ಳದ ಸಂಕ (ಕಾಲುಸೇತುವೆ) ದಾಟಿ ಹೋಗುವ ಮಕ್ಕಳು ಒಟ್ಟಿಗೇ ಹೊರಡಬೇಕು, ದೊಡ್ಡವರು ಮುಂದೊಬ್ಬರು ಹಿಂದೊಬ್ಬರು, ನಡುವೆ ಚಿಕ್ಕವರು. ಹಳ್ಳ ತುಂಬಿದ್ದರೆ ಯಾರೂ ದಾಟುವ ಹಾಗಿಲ್ಲ, ಮೇಷ್ಟ್ರಿಗೆ ಹೇಳಿ ಮನೆಯವರು ಬರುವ ತನಕ ಕಾಯಬೇಕು. ಈ ನಿಯಮ ಮಾಡಿದ್ದು ಮಕ್ಕಳೇ.

ಕೊರತೆ ಇಲ್ಲ ಅನ್ನಲಾರೆ. ಲೈಬ್ರರಿ ಕೋಣೆ ಸೋರುತ್ತದೆ, ಪುಸ್ತಕಗಳೆಲ್ಲ ಹೆಡ್‌ಮಾಸ್ಟರ್ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿವೆ. ಇಂಗ್ಲಿಷ್‌ಗೆ ಕಾಯಂ ಟೀಚರ್ ಇಲ್ಲ, ಅತಿಥಿ ಶಿಕ್ಷಕಿ ಒಬ್ಬರೇ ಎಲ್ಲ ಕ್ಲಾಸಿಗೂ ಓಡಾಡುತ್ತಾರೆ. ಎರಡು ಕಂಪ್ಯೂಟರ್‌ನಲ್ಲಿ ಒಂದು ಕೆಟ್ಟಿದೆ. ಇದನ್ನೆಲ್ಲ ಮಕ್ಕಳ ಜವಾಬ್ದಾರಿಯಿಂದ ಸರಿಮಾಡಲು ಆಗಲ್ಲ, ದೊಡ್ಡವರೇ ಮಾಡಬೇಕು.

ನಿಮ್ಮ ಹತ್ತಿರದ ಸರ್ಕಾರಿ ಶಾಲೆ ನೋಡಬೇಕು ಅನಿಸಿದರೆ ಮೊದಲು ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿ, ಶನಿವಾರ ಮಾತ್ರ ಬೇಡ, ಅವತ್ತು ಬೆಳಗಿನ ಶಾಲೆ, ಬೇಗ ಮುಗಿಯುತ್ತದೆ. ಮಳೆಗಾಲದಲ್ಲೇ ಹೋಗಿ. ನಾವು ಜೂನ್‌ಗೆ ಮಗಳನ್ನು ಅಲ್ಲಿಗೇ ಸೇರಿಸುತ್ತೇವೆ. ಮಳೆ ಮಾಪಕ ನೋಡುವ ಕೆಲಸ ತನಗೆ ಯಾವ ಕ್ಲಾಸಿಗೆ ಬಂದಾಗ ಸಿಗುತ್ತದೆ ಅಂತ ಅವಳು ಈಗಲೇ ಕೇಳುತ್ತಿದ್ದಾಳೆ.