ದುಬೈ ನರ್ಸ್ ಕೆಲಸ ಅಂತ ಟೂರಿಸ್ಟ್ ವೀಸಾ ಕೊಡ್ತಾರೆ, ತುಮಕೂರಿನವರು ಹುಷಾರು

ನರ್ಸಿಂಗ್ ಮುಗಿಸಿ ಈಗಷ್ಟೇ ಕೌನ್ಸಿಲ್ ರಿಜಿಸ್ಟ್ರೇಷನ್ ಮಾಡಿಸಿಕೊಂಡಿರೋ ಹುಡುಗಿಯರು, ಅವರ ಅಪ್ಪ ಅಮ್ಮ ದಯವಿಟ್ಟು ಪೂರ್ತಿ ಓದಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮಹಡಿ ಮೇಲಿರೋ ಒಂದು ಕನ್ಸಲ್ಟೆನ್ಸಿಯವರು ನಮ್ಮ ಚಿಕ್ಕಪ್ಪನ ಮಗಳಿಗೆ ಮಾಡಿದ್ದು ಇದು. ಠಾಣೆಯಲ್ಲಿ ದೂರು ಇದೆ, ಹಾಗಾಗಿ ಹೆಸರು ಹಾಕಿಲ್ಲ. ನಾಳೆ ಬೋರ್ಡ್ ಬದಲಿಸಿ ಇನ್ನೊಂದು ಹೆಸರಲ್ಲಿ ಕೂರ್ತಾರೆ. ಹೆಸರಿಗಿಂತ ಅವರು ಮೋಸ ಮಾಡೋ ರೀತಿ ನಿಮಗೆ ಗೊತ್ತಿರಬೇಕು.

ದುಬೈಯಲ್ಲಿ ಸ್ಟಾಫ್ ನರ್ಸ್, ಫ್ರೆಷರ್ ಆದ್ರೂ ಆಗುತ್ತೆ, ರೂಮು ಊಟ ಫ್ರೀ ಅಂದರು. ಫೈಲ್ ಓಪನಿಂಗ್ ಅಂತ 25,000. ಡೇಟಾಫ್ಲೋ (ಸರ್ಟಿಫಿಕೇಟ್ ನಿಜವೇ ಅಂತ ಪರಿಶೀಲಿಸೋ ಕಂಪನಿ), ಪ್ರೊಮೆಟ್ರಿಕ್ (ಅಲ್ಲಿನ ನರ್ಸ್ ಲೈಸೆನ್ಸಿಗೆ ಬರೆಯೋ ಪರೀಕ್ಷೆ) ಅಂತ 60,000. ಕೊನೆಗೆ ವೀಸಾ ಬಂತು ಅಂತ 1,20,000. ತಿಪಟೂರು ಮಂಡಿಯಲ್ಲಿ ಕೊಬ್ಬರಿ ಮಾರಿ ತಂದ ದುಡ್ಡು. ಒಂದಕ್ಕೂ ಬಿಲ್ ಇಲ್ಲ, ಎರಡು ಕಂತು ಹೋಗಿರೋದು ಯಾರದೋ ಹೆಂಗಸಿನ ಫೋನ್‌ಪೇ ನಂಬರಿಗೆ. ಕೇಂದ್ರ ಸರ್ಕಾರದ ಲೈಸೆನ್ಸ್ ಇರೋ ರಿಕ್ರೂಟಿಂಗ್ ಏಜೆಂಟ್ ಕೂಡ ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಅಂದರೆ 35,400ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ರಸೀದಿ ಕೊಡಲೇಬೇಕು. ಡೇಟಾಫ್ಲೋ, ಪರೀಕ್ಷೆ ಫೀಸನ್ನ ನೀವೇ ಅವರವರ ವೆಬ್‌ಸೈಟಿನಲ್ಲಿ ಕಾರ್ಡಿನಿಂದ ಕಟ್ಟಬಹುದು, ರಸೀದಿ ನಿಮ್ಮ ಮೇಲ್‌ಗೇ ಬರುತ್ತೆ. ಮಧ್ಯದಲ್ಲಿ ಯಾರೂ ಬೇಕಿಲ್ಲ.

ಗೋಡೆ ಮೇಲೆ ಫ್ರೇಮ್ ಹಾಕಿದ್ದ ಲೈಸೆನ್ಸ್ ನಂಬರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹುಡುಕಿದರೆ ಮುಂಬೈನ ಬೇರೆ ಯಾವುದೋ ಕಂಪನಿಯದು. ಕೇಳಿದ್ದಕ್ಕೆ, "ಅವರು ನಮ್ಮ ಪಾರ್ಟ್ನರ್ ಮೇಡಂ, ನಾವು ಸಬ್ ಏಜೆಂಟ್." ಸಬ್ ಏಜೆಂಟ್ ಅನ್ನೋದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ಇನ್ನು ಆ ವೀಸಾ. ವಾಟ್ಸಾಪಿಗೆ ಪಿಡಿಎಫ್ ಬಂತು, ಚಿಕ್ಕಪ್ಪ ಊರಲ್ಲೆಲ್ಲ ಹೇಳಿ ಸಿಹಿ ಹಂಚಿದರು. ಸಂಜೆ ತೆಗೆದು ಓದಿದರೆ ಟೂರಿಸ್ಟ್ ಅಂತಿದೆ, 60 ದಿನ. ಆಸ್ಪತ್ರೆ ಹೆಸರಿಲ್ಲ, ನರ್ಸ್ ಅನ್ನೋ ಪದ ಇಲ್ಲ. ಟೂರಿಸ್ಟ್! ಎರಡು ಲಕ್ಷ ಕಟ್ಟಿಸಿಕೊಂಡು ಟೂರಿಸ್ಟ್ ವೀಸಾ!

ಫೋನ್ ಮಾಡಿದರೆ ಬಂದ ಉತ್ತರಗಳು ಇವು. "ಅದು ಎಂಟ್ರಿಗೆ ಅಷ್ಟೇ, ಹೋದ್ಮೇಲೆ ಚೇಂಜ್ ಮಾಡಿಸ್ತೀವಿ. ಎಲ್ಲಾ ಹುಡುಗೀರೂ ಹಂಗೇ ಹೋಗಿರೋದು." ಆಸ್ಪತ್ರೆ ಯಾವುದು? "ಅದು ಕಾನ್ಫಿಡೆನ್ಷಿಯಲ್." ಏರ್‌ಪೋರ್ಟಲ್ಲಿ ಕೇಳಿದರೆ? "ಅಕ್ಕನ ಮನೆಗೆ ಹೋಗ್ತಿದ್ದೀನಿ ಅನ್ನಲಿ." ನಾನು ಜೋರು ಮಾಡಿದಾಗ, "ನೀವೂ ನರ್ಸೇ ಅಲ್ವಾ ಸಿಸ್ಟರ್, ಇಷ್ಟೂ ಗೊತ್ತಿಲ್ವಾ?" ಆ ಮಾತು ಇನ್ನೂ ಚುಚ್ಚುತ್ತಿದೆ.

ಗೊತ್ತಿರೋದನ್ನೇ ಹೇಳ್ತೀನಿ ಕೇಳಿ. ಯುಎಇ, ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗೋ ನರ್ಸ್‌ಗಳಿಗೆ 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ನಮ್ಮ ಸರ್ಕಾರ ಕೊಡೋ ಅನುಮತಿ) ಕಡ್ಡಾಯ. ಪಾಸ್‌ಪೋರ್ಟ್ ಇಸಿಎನ್‌ಆರ್ (ಸಾಮಾನ್ಯವಾಗಿ ಈ ಕ್ಲಿಯರೆನ್ಸ್ ಬೇಡದ್ದು) ಆಗಿದ್ದರೂ ಬೇಕು. ಅದು ಸಿಗಬೇಕಾದರೆ ಆಸ್ಪತ್ರೆ, ಸಂಬಳ, ಕರಾರು ಎಲ್ಲಾ ಇ-ಮೈಗ್ರೇಟ್‌ನಲ್ಲಿ ದಾಖಲಾಗಬೇಕು. ಟೂರಿಸ್ಟ್ ವೀಸಾದಲ್ಲಿ ಕಳಿಸೋದು ಇದನ್ನೆಲ್ಲ ತಪ್ಪಿಸೋಕೆ. ಆ ವೀಸಾದಲ್ಲಿ ಅಲ್ಲಿ ಡ್ಯೂಟಿ ಮಾಡಿದರೆ ಅದು ಅಕ್ರಮ, ಸಿಕ್ಕಿಬೀಳೋದು ಹುಡುಗಿ, ಏಜೆಂಟ್ ಅಲ್ಲ.

ಇದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಯಿತು. ಡೇಟಾಫ್ಲೋ ಅಕೌಂಟನ್ನು ಅವರ ಆಫೀಸಿನ ಜಿಮೇಲ್‌ನಿಂದ ತೆರೆದಿದ್ದರು. ಜಗಳ ಮಾಡಿ ಪಾಸ್‌ವರ್ಡ್ ಈಸಿಕೊಂಡು ನೋಡಿದರೆ ಬೆಂಗಳೂರಿನ ಯಾವುದೋ ನರ್ಸಿಂಗ್ ಹೋಮಿನ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಅಪ್‌ಲೋಡ್ ಆಗಿದೆ. ಅವಳು ಅಲ್ಲಿ ಕಾಲಿಟ್ಟೇ ಇಲ್ಲ. ಅದರಲ್ಲಿರೋ ತಾರೀಕಿಗೆ ಅವಳು ಇನ್ನೂ ಕಾಲೇಜಲ್ಲಿದ್ದಳು! ಕೌನ್ಸಿಲ್ ರಿಜಿಸ್ಟ್ರೇಷನ್ ಆದ ಮೇಲಿನ ಕೆಲಸವನ್ನಷ್ಟೇ ಅನುಭವ ಅಂತ ಲೆಕ್ಕ ಹಿಡಿಯೋದು, ಸುಳ್ಳು ಬರೆಯೋರಿಗೆ ಅಷ್ಟೂ ಗಮನ ಇಲ್ಲ. "ಸುಮ್ನೆ ಫಾರ್ಮಾಲಿಟಿ ಸಿಸ್ಟರ್, ಯಾರೂ ಚೆಕ್ ಮಾಡಲ್ಲ" ಅಂದರು. ಚೆಕ್ ಮಾಡೋದೇ ಡೇಟಾಫ್ಲೋ ಕೆಲಸ. ಡಿಗ್ರಿ ಬಗ್ಗೆ ಯೂನಿವರ್ಸಿಟಿಗೆ, ರಿಜಿಸ್ಟ್ರೇಷನ್ ಬಗ್ಗೆ ಕೌನ್ಸಿಲ್‌ಗೆ, ಅನುಭವದ ಬಗ್ಗೆ ಆಸ್ಪತ್ರೆಗೆ ಅವರೇ ನೇರವಾಗಿ ಬರೆದು ಕೇಳ್ತಾರೆ. ಸುಳ್ಳು ಅಂತ ಬಂದರೆ ರಿಪೋರ್ಟ್ ನೆಗೆಟಿವ್, ಗಲ್ಫ್ ಬಾಗಿಲೇ ಮುಚ್ಚಬಹುದು. ಪುಣ್ಯಕ್ಕೆ ಫೈಲ್ ಡ್ರಾಫ್ಟ್‌ನಲ್ಲೇ ಇತ್ತು, ಸಬ್‌ಮಿಟ್ ಆಗಿರಲಿಲ್ಲ. ಅಂದರೆ ಫೀಸೂ ಕಟ್ಟಿಲ್ಲ. 60,000 ಎಲ್ಲಿ ಹೋಯಿತು? ಕೇಳಿದ್ದಕ್ಕೆ ಫೋನ್ ಕಟ್.

ಒರಿಜಿನಲ್ ಮಾರ್ಕ್ಸ್ ಕಾರ್ಡ್, ಕೌನ್ಸಿಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಎಲ್ಲಾ ಅವರ ಬೀರುವಿನಲ್ಲಿ. "ಫೈಲ್ ಎಂಬೆಸಿಯಲ್ಲಿದೆ" ಅಂತ ಒಂದು ಸಲ, "ಕ್ಯಾನ್ಸಲೇಷನ್ ಚಾರ್ಜ್ 40,000 ಕಟ್ಟಿ ತಗೊಂಡೋಗಿ" ಅಂತ ಇನ್ನೊಂದು ಸಲ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ ಅಂತ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಇದೆ, ಅದನ್ನು ಒತ್ತೆ ಇಟ್ಟುಕೊಳ್ಳೋಕೆ ಇವರು ಯಾರು? ಪೊಲೀಸರು ಕರೆಸಿದ ಮೇಲೆ ಪಾಸ್‌ಪೋರ್ಟ್ ಕೊಟ್ಟರು, ಮಾರ್ಕ್ಸ್ ಕಾರ್ಡ್ ಇನ್ನೂ ಕೊಟ್ಟಿಲ್ಲ.

ಡೇಟಾಫ್ಲೋಗೆ ಕಲರ್ ಸ್ಕ್ಯಾನ್ ಸಾಕು. ಒರಿಜಿನಲ್ ಬೇಕಾಗೋದು ಸರ್ಕಾರ, ಎಂಬೆಸಿ ಮುದ್ರೆ ಹಾಕಿಸೋ ಅಟೆಸ್ಟೇಷನ್‌ಗೆ, ಅದೂ ಆಫರ್ ಖಾತ್ರಿಯಾದ ಮೇಲೆ. ಆಗಲೂ ಯಾವ ಯಾವ ಪತ್ರ ಅಂತ ಪಟ್ಟಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಹೊಸಬರಿಗೆ ಗಲ್ಫ್ ಕೆಲಸ ಅಂದರೆ ಅನುಮಾನ ಇರಲಿ, ಅಲ್ಲಿನ ಆಸ್ಪತ್ರೆಗಳು ಹೆಚ್ಚಾಗಿ ಎರಡು ವರ್ಷದ ಅನುಭವ ಕೇಳ್ತವೆ. ಇಲ್ಲೇ ಒಂದು ಒಳ್ಳೆ ಆಸ್ಪತ್ರೆಯಲ್ಲಿ ಐಸಿಯು ಕಲಿತು ಹೋಗಿ. ಯುಕೆ ಕೆಲಸಕ್ಕೆ ದುಡ್ಡು ಕೇಳಿದರೆ ಅಲ್ಲೇ ಎದ್ದು ಬನ್ನಿ, ನೇಮಕಾತಿಗೆ ನರ್ಸ್ ಹತ್ತಿರ ಫೀಸ್ ತಗೋಬಾರದು ಅಂತ ಅಲ್ಲಿನ ಸರ್ಕಾರದ ನಿಯಮವೇ ಇದೆ.

ಈಗಾಗಲೇ ಇಂಥವರಿಗೆ ಕಾಗದ ಕೊಟ್ಟಿದ್ದರೆ ಮೊದಲು ಅಕೌಂಟ್‌ನ ಇಮೇಲ್, ಪಾಸ್‌ವರ್ಡ್ ನಿಮ್ಮದಕ್ಕೆ ಬದಲಿಸಿ, ಒಳಗೆ ಏನೇನು ಅಪ್‌ಲೋಡ್ ಆಗಿದೆ ಅಂತ ಒಂದೊಂದೇ ತೆಗೆದು ನೋಡಿ. ವಾಟ್ಸಾಪ್ ಚಾಟ್, ವಾಯ್ಸ್ ಮೆಸೇಜ್ ಅಳಿಸಬೇಡಿ. ಫೋನ್‌ಪೇನಲ್ಲಿ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊರದೇಶಕ್ಕೆ ಕೆಲಸಕ್ಕೆ ಹೋಗೋರ ರಕ್ಷಣೆಗಿರೋ ಕೇಂದ್ರ ಸರ್ಕಾರದ ಅಧಿಕಾರಿ, ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಗೂ ದೂರು ಕೊಡಿ. ಠಾಣೆಯಲ್ಲಿ "ಇದು ದುಡ್ಡಿನ ವ್ಯವಹಾರ, ಸಿವಿಲ್ ಮ್ಯಾಟರ್, ಮಾತಾಡಿ ಬಗೆಹರಿಸಿಕೊಳ್ಳಿ" ಅಂತಾರೆ, ನಮಗೂ ಅಂದರು. ಒಪ್ಪಬೇಡಿ. ಲೈಸೆನ್ಸ್ ಇಲ್ಲದೆ ವಿದೇಶದ ಕೆಲಸಕ್ಕೆ ಜನ ಸೇರಿಸೋದು 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಅಪರಾಧ. ಕಲಂ 10 ಮತ್ತು 24 ಅಂತ ದೂರಿನಲ್ಲೇ ಬರೆಯಿರಿ, ಸ್ವೀಕೃತಿ ಪ್ರತಿ ಕೈಗೆ ಸಿಗೋವರೆಗೂ ಅಲ್ಲಿಂದ ಏಳಬೇಡಿ.