ಇನ್‌ಕಮ್ ಟ್ಯಾಕ್ಸ್ ಇ-ಫೈಲಿಂಗ್ ಪೋರ್ಟಲ್: ಐದು ರಿಟರ್ನ್ ನಾನೇ ಹಾಕಿದ ಮೇಲೆ

ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಕಾಮರ್ಸ್ ಓದಿದವಳಲ್ಲ. ಮೊದಲೆಲ್ಲ ನಮ್ಮ ಏರಿಯಾದ ಒಬ್ಬರು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಫಾರ್ಮ್ 16 (ವರ್ಷದ ಸಂಬಳ, ಹಿಡಿದ ತೆರಿಗೆಯ ಬಗ್ಗೆ ಕಂಪನಿ ಕೊಡುವ ಪತ್ರ) ಕೊಟ್ಟು, ಐನೂರು ರೂಪಾಯಿ ಕೊಟ್ಟು ಬಂದುಬಿಡುತ್ತಿದ್ದೆ. ರೀಫಂಡ್ ಬರುತ್ತಿತ್ತು, ಖುಷಿಯಾಗುತ್ತಿತ್ತು. ಯಾಕೆ ಬರುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ.

2021ರ ಜೂನ್‌ನಲ್ಲಿ ಹೊಸ ಪೋರ್ಟಲ್ ಬಂತು. ನಾನು ಮೊದಲ ಸಲ ಅದರೊಳಗೆ ಹೋದದ್ದು 2022ರ ಜನವರಿಯಲ್ಲಿ. ಸಾಲಕ್ಕೆ ಬ್ಯಾಂಕಿನವರು ರಿಟರ್ನ್ ಪ್ರತಿ ಕೇಳಿದ್ದರು. ಪಾಸ್‌ವರ್ಡ್ ನನ್ನ ಹತ್ತಿರ ಇರಲಿಲ್ಲ, ಆಧಾರ್ ಒಟಿಪಿ ಹಾಕಿ ಹೊಸದು ಮಾಡಿಕೊಂಡೆ. ಪ್ರೊಫೈಲ್ ತೆರೆದರೆ ಅಲ್ಲಿದ್ದ ಮೊಬೈಲ್ ನಂಬರು ನನ್ನದಲ್ಲ, ಇಮೇಲೂ ನನ್ನದಲ್ಲ. ಎರಡೂ ಕನ್ಸಲ್ಟೆಂಟ್‌ರದು. ಇಲಾಖೆಯಿಂದ ನನ್ನ ಹೆಸರಿಗೆ ಏನೇ ಬಂದಿದ್ದರೂ ಅದು ಹೋಗಿರುವುದು ಅವರಿಗೆ.

ಡಿಸೆಂಬರ್ ಕೊನೆಯಲ್ಲಿ ಹಾಕಿದ್ದ ರಿಟರ್ನ್ ಡೌನ್‌ಲೋಡ್ ಮಾಡಿ ಒಂದೊಂದೇ ಸಾಲು ಓದಿದೆ. 80ಡಿ, ಅಂದರೆ ಆರೋಗ್ಯ ವಿಮೆಯ ಕಂತಿಗೆ ಸಿಗುವ ವಿನಾಯಿತಿ, ಅದರ ಎದುರು 25,000 ಎಂದಿತ್ತು. ಆಗ ನನ್ನ ಹೆಸರಲ್ಲಿ ಯಾವ ಆರೋಗ್ಯ ವಿಮೆಯೂ ಇರಲಿಲ್ಲ. ನಾನಿದ್ದ 20% ಸ್ಲ್ಯಾಬಿನಲ್ಲಿ ಆ ಒಂದು ಸುಳ್ಳಿನ ಬೆಲೆ ಸೆಸ್ ಸೇರಿ 5,200 ರೂಪಾಯಿ. ರೀಫಂಡ್ ಎಂದು ನಾನು ಖುಷಿಪಟ್ಟದ್ದು ಇದಕ್ಕೆ! ಆ ವರ್ಷ ರಿಟರ್ನ್ ತಿದ್ದಲು 2022ರ ಮಾರ್ಚ್ 31ರವರೆಗೆ ಅವಕಾಶ ಇತ್ತು. ಎರಡು ರಾತ್ರಿ ಕೂತು ರಿವೈಸ್ಡ್ ರಿಟರ್ನ್ ಹಾಕಿದೆ, 7,900 ಬರಬೇಕಿದ್ದ ರೀಫಂಡು 2,700ಕ್ಕೆ ಇಳಿಯಿತು. ಆವತ್ತಿನಿಂದ ಬೇರೆ ಯಾರ ಕೈಗೂ ಲಾಗಿನ್ ಕೊಟ್ಟಿಲ್ಲ.

ಈಗ ಪೋರ್ಟಲ್ ಬಗ್ಗೆ. ಸಂಬಳ ಮಾತ್ರ ಇರುವವರಿಗೆ ಐಟಿಆರ್-1, ಅಂದರೆ ಸಹಜ್, ನಿಜಕ್ಕೂ ಸುಲಭ. ಖರ್ಚಿಲ್ಲ. ಸಂಬಳ, ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ), ಬ್ಯಾಂಕ್ ಬಡ್ಡಿ ಬಹುಪಾಲು ಮೊದಲೇ ತುಂಬಿರುತ್ತವೆ. ಆದರೆ ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಫಾರ್ಮಲ್ಲ, ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ. ಬ್ಯಾಂಕು, ಕಂಪನಿ, ಮ್ಯೂಚುಯಲ್ ಫಂಡಿನವರು ನಮ್ಮ ಬಗ್ಗೆ ಸರ್ಕಾರಕ್ಕೆ ಏನು ಹೇಳಿದ್ದಾರೆ ಎನ್ನುವುದೆಲ್ಲ ಅದರಲ್ಲಿ ಒಂದೇ ಕಡೆ ಸಿಗುತ್ತದೆ. ಊರಿನ ಬ್ಯಾಂಕಿನಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ಎಫ್‌ಡಿಯ ಬಡ್ಡಿ 6,300 ರೂಪಾಯಿ ಅಲ್ಲಿ ಕಂಡಿತು. ತಪ್ಪು ಮಾಹಿತಿ ಇದ್ದರೆ ಆ ಸಾಲಿನ ಎದುರೇ ಫೀಡ್‌ಬ್ಯಾಕ್ ಕೊಡಬಹುದು. ಒಂದು ಮಾತು: ಏಪ್ರಿಲ್‌ನಲ್ಲೇ ಆತುರ ಬೇಡ. ಕಂಪನಿಗಳು ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಕೊಡಲು ಮೇ 31ರವರೆಗೆ ಸಮಯ ಇರುತ್ತದೆ, ಫಾರ್ಮ್ 16 ಕೈಗೆ ಬರುವುದು ಜೂನ್ 15ರ ಹೊತ್ತಿಗೆ. ನಾನು ಜೂನ್ ಕೊನೆಯ ವಾರ ಫಾರ್ಮ್ 16, 26ಎಎಸ್ (ನಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ.

ಪೋರ್ಟಲ್‌ಗೆ ಗೊತ್ತಿರುವುದು ಬೇರೆಯವರು ಹೇಳಿದ್ದು ಮಾತ್ರ. ಇದು ನನಗೆ ಚೆನ್ನಾಗಿ ಅರ್ಥವಾದದ್ದು ಕೆಲಸ ಬದಲಿಸಿದ ವರ್ಷ. 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 60,000, ಅಕ್ಟೋಬರ್‌ನಿಂದ ಹೊಸ ಕಂಪನಿಯಲ್ಲಿ 75,000. ಹಳೆ ಕಂಪನಿ ಇಡೀ ವರ್ಷಕ್ಕೆ 7.20 ಲಕ್ಷ ಎಂದು ಲೆಕ್ಕ ಹಾಕಿ, ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದು, ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ವಿಮೆ, ಬಾಡಿಗೆಯಂಥ ವಿನಾಯಿತಿಗಳಿಲ್ಲ) ತೆರಿಗೆ ಸೊನ್ನೆ ಎಂದಿತು. ಹೊಸ ಕಂಪನಿ ತನ್ನ ಆರು ತಿಂಗಳ 4.50 ಲಕ್ಷವನ್ನಷ್ಟೇ ನೋಡಿ ಅದೂ ಸೊನ್ನೆ ಎಂದಿತು. ಅವರವರ ಲೆಕ್ಕ ಸರಿಯೇ. ಆದರೆ ಎರಡೂ ಸೇರಿದರೆ 8.10 ಲಕ್ಷ, 50,000 ಕಳೆದರೆ 7.60 ಲಕ್ಷ. 7 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎನ್ನುವ ರಿಯಾಯಿತಿ ಕೈತಪ್ಪಿ 32,240 ರೂಪಾಯಿ ತೆರಿಗೆ ಎದ್ದು ನಿಂತಿತು, ಬಡ್ಡಿ ಸೇರಿ 35 ಸಾವಿರ ದಾಟಿತು. ಜುಲೈ ತಿಂಗಳಲ್ಲಿ ಅಷ್ಟು ದುಡ್ಡು ಹೊಂದಿಸಲು ಚಿನ್ನದ ಚೀಟಿಯ ಕಂತು ನಿಲ್ಲಿಸಬೇಕಾಯಿತು. ಹೊಸ ಕಂಪನಿಗೆ ಸೇರಿದ ವಾರದಲ್ಲೇ ಹಳೆ ಸಂಬಳ, ಟಿಡಿಎಸ್ ವಿವರ ಬರೆದು ಫಾರ್ಮ್ 12ಬಿ ಕೊಟ್ಟಿದ್ದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು. ಕೆಲಸ ಬದಲಿಸುವವರು ದಯವಿಟ್ಟು ಇದನ್ನು ಮರೆಯಬೇಡಿ. ದುಡ್ಡು ಕಟ್ಟುವ ಇ-ಪೇ ಟ್ಯಾಕ್ಸ್ ಮಾತ್ರ ಸಲೀಸು, ನೆಟ್ ಬ್ಯಾಂಕಿಂಗ್‌ನಲ್ಲಿ ಐದು ನಿಮಿಷದ ಕೆಲಸ.

ಹಳೆ ಪದ್ಧತಿಯೋ ಹೊಸದೋ? ಎಲ್ಲರೂ ಕೇಳುವ ಪ್ರಶ್ನೆ. 2024-25ರಲ್ಲಿ ನನ್ನ ಸಂಬಳ 9.60 ಲಕ್ಷ. ಹೊಸ ಪದ್ಧತಿಯಲ್ಲಿ 75,000 ಕಳೆದು ತೆರಿಗೆ 40,040. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, 80ಸಿ (ಪಿಎಫ್, ಎಲ್‌ಐಸಿಯಂಥ ಉಳಿತಾಯ) ಒಂದೂವರೆ ಲಕ್ಷ, ಈ ಸಲ ನಿಜವಾಗಿಯೂ ಕಟ್ಟಿದ ವಿಮೆ 25,000, ಮನೆ ಬಾಡಿಗೆಗೆ 1.20 ಲಕ್ಷ ಕಳೆದರೆ 36,420. ಬಾಡಿಗೆಯ ಲೆಕ್ಕ ಹೀಗೆ: ವರ್ಷದ ಬಾಡಿಗೆ 1.68 ಲಕ್ಷ, ಅದರಲ್ಲಿ ಮೂಲ ವೇತನ 4.80 ಲಕ್ಷದ ಹತ್ತರಲ್ಲೊಂದು ಭಾಗ ಕಳೆಯಬೇಕು. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು, ಕರಾರು ಮಾಡುವಾಗಲೇ ಕೇಳಿ ಇಟ್ಟುಕೊಳ್ಳಿ. ಕಂಪನಿಯಲ್ಲಿ ನಾನು ಹೊಸ ಪದ್ಧತಿ ಎಂದೇ ಬರೆದುಕೊಟ್ಟಿದ್ದೆ, ರಿಟರ್ನ್ ಹಾಕುವಾಗ ಹಳೆಯದಕ್ಕೆ ಬಂದೆ. ಸಂಬಳದಾರರಿಗೆ ಪ್ರತಿ ವರ್ಷ ಈ ಸ್ವಾತಂತ್ರ್ಯ ಇದೆ, ಆದರೆ ಕೊನೆಯ ದಿನಾಂಕದೊಳಗೆ ಹಾಕಿದರೆ ಮಾತ್ರ. ತಡವಾದರೆ ಹೊಸದೇ ಗತಿ. ಆ ವರ್ಷದ ಫಾರ್ಮಿನಲ್ಲಿ ವಿಮಾ ಪಾಲಿಸಿ ನಂಬರಿನಂಥ ವಿವರಗಳನ್ನೂ ಕೇಳಿದರು. ಕಾಗದ ಹುಡುಕುವುದು ಕಷ್ಟವಾದರೂ ನನಗೆ ಅದು ಒಳ್ಳೆಯದೇ ಅನ್ನಿಸಿತು. ಹಿಂದೆ ನನ್ನ ಹೆಸರಲ್ಲಿ ಬರೆದಂಥ ಸುಳ್ಳು ಬರೆಯುವುದು ಇನ್ನು ಕಷ್ಟ.

2025-26ರ ಸಂಬಳಕ್ಕೆ ನನಗೆ ಈ ತೂಗಾಟವೇ ಇಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ, ಸಂಬಳದಾರರಿಗೆ 75,000 ಸೇರಿ 12.75 ಲಕ್ಷ. ಇಷ್ಟು ಸಂಬಳಕ್ಕೆ ತೆರಿಗೆ ಸೊನ್ನೆ. ಹಾಗೆಂದು ರಿಟರ್ನ್ ಹಾಕದೆ ಬಿಡುವಂತಿಲ್ಲ, ನಮ್ಮ ವಿಭಾಗದಲ್ಲಿ ಇಬ್ಬರು ಹಾಗೆ ತಿಳಿದಿದ್ದರು.

ಹಾಕಿದ ಮೇಲೆ ಇ-ವೆರಿಫೈ, ಅಂದರೆ ಇದು ನನ್ನದೇ ರಿಟರ್ನ್ ಎಂದು ಆನ್‌ಲೈನ್‌ನಲ್ಲಿ ಖಚಿತಪಡಿಸುವುದು. ನಮ್ಮ ಸೀನಿಯರ್ ಒಬ್ಬರು ಸಬ್ಮಿಟ್ ಒತ್ತಿ ಎದ್ದುಬಿಟ್ಟಿದ್ದರು. 30 ದಿನದೊಳಗೆ ವೆರಿಫೈ ಆಗದಿದ್ದರೆ ಆ ರಿಟರ್ನ್ ಗಡುವಿನೊಳಗೆ ಹಾಕಿದ್ದಾಗಿ ಉಳಿಯುವುದಿಲ್ಲ. ಅದೃಷ್ಟಕ್ಕೆ ಇಪ್ಪತ್ತಾರನೇ ದಿನ ಟೀ ಕುಡಿಯುವಾಗ ಮಾತು ಬಂತು, ಕ್ಯಾಂಟೀನಿನಲ್ಲೇ ಅವರ ಮೊಬೈಲಿನಲ್ಲಿ ಆಧಾರ್ ಒಟಿಪಿ ಹಾಕಿ ಮುಗಿಸಿದೆವು.

ಈಗ ಪ್ರತಿ ಜುಲೈಯಲ್ಲಿ ನಾಲ್ಕೈದು ಜನ "ಮೇಡಂ, ಸ್ವಲ್ಪ ನೋಡ್ತೀರಾ" ಎಂದು ಫಾರ್ಮ್ 16 ಹಿಡಿದು ಬರುತ್ತಾರೆ. ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ, ಲ್ಯಾಪ್‌ಟಾಪ್ ಅವರ ಮುಂದೆಯೇ ಇರುತ್ತದೆ, ಪಾಸ್‌ವರ್ಡ್ ಅವರೇ ಒತ್ತಬೇಕು. ಎಲ್ಲಕ್ಕಿಂತ ಮೊದಲು ಪ್ರೊಫೈಲ್ ತೆರೆಸಿ ಅಲ್ಲಿರುವ ಮೊಬೈಲ್ ನಂಬರ್ ಗಟ್ಟಿಯಾಗಿ ಓದಿಸುತ್ತೇನೆ. ಹೋದ ವರ್ಷ ಬಂದ ಐವರಲ್ಲಿ ಇಬ್ಬರದು ಅವರ ನಂಬರಾಗಿರಲಿಲ್ಲ.