ಶಿರಸಿ ಹತ್ತಿರದ ಹೋಂಸ್ಟೇ: ರಾತ್ರಿ ಪತಂಗ ನೋಡೋಕೆ ಹೋಗಬಹುದಾ?

ಖಂಡಿತ ಹೋಗಿ. ಶಿರಸಿ–ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು, ಅಡಿಕೆ ತೋಟದ ಪಕ್ಕ ಇರುವ ಈ ಮನೆಯ ಊಟದ ಬಗ್ಗೆ ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದು ನಿಜವೇ, ಅಪ್ಪೆಹುಳಿಯನ್ನು ನಾವೂ ಕೇಳಿ ಕೇಳಿ ಹಾಕಿಸಿಕೊಂಡೆವು. ನಾನು ಬರೆಯುತ್ತಿರುವುದು ಮಾತ್ರ ಅಂಗಳದಲ್ಲಿ ಕಟ್ಟುವ ಬಿಳಿ ಪಂಚೆಯ ಬಗ್ಗೆ.

ರಾತ್ರಿ ಊಟವಾದ ಮೇಲೆ ಪಂಚೆಯ ಮುಂದೆ ಬಲ್ಬ್ ಹಾಕುತ್ತಾರೆ, ಬೆಳಕಿಗೆ ಬಂದ ಪತಂಗ ಪಂಚೆಯ ಮೇಲೆ ಕೂರುತ್ತದೆ. ನಾವಿದ್ದ ದಿನ ಅಟ್ಲಾಸ್ ಪತಂಗ ಬಂತು. ಎರಡು ಅಂಗೈ ಅಗಲಿಸಿ ಪಕ್ಕಪಕ್ಕ ಇಟ್ಟಷ್ಟು ದೊಡ್ಡದು! ಕೆಂಪು ಕಂದು ರೆಕ್ಕೆಯ ನಡುವೆ ಮುಕ್ಕೋನದ ಪಾರದರ್ಶಕ ಕಿಂಡಿ, ಬಗ್ಗಿ ನೋಡಿದರೆ ಅದರೊಳಗಿಂದ ಪಂಚೆಯ ನೂಲೂ ಕಾಣುತ್ತಿತ್ತು. ತಲೆಯ ಮೇಲಿನ ಮೀಸೆ ಹಕ್ಕಿಯ ಗರಿಯ ಹಾಗೆ ಅಗಲವಾಗಿದ್ದರೆ ಗಂಡು. ಹೆಣ್ಣು ಬಿಡುವ ವಾಸನೆಯನ್ನು ಆ ಮೀಸೆಯಿಂದಲೇ ಹಿಡಿದು ಕತ್ತಲಲ್ಲಿ ಹುಡುಕಿಕೊಂಡು ಹೋಗುತ್ತದೆ.

ಗಂಡಾಗಲಿ ಹೆಣ್ಣಾಗಲಿ, ಈ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಜೋಡಿ ಸಿಕ್ಕಿ, ಮೊಟ್ಟೆ ಇಡುವುದೂ ಆಗಬೇಕು. ಬಲ್ಬಿನ ಸುತ್ತ ಸುಮ್ನೆ ಸುತ್ತಿದಷ್ಟೂ ಅದಕ್ಕೆ ನಷ್ಟ. ಮನೆಯವರು ಇದನ್ನು ಬಿಡಿಸಿ ಹೇಳಿ ಹತ್ತೂವರೆಗೆ ಬಲ್ಬ್ ಆರಿಸಿದರು. ಇನ್ನೊಂದು ಅರ್ಧ ಗಂಟೆ ಇರಲಿ ಅಂತ ಕೆಲವರು ಎಷ್ಟು ಕೇಳಿದರೂ ಜಪ್ಪಯ್ಯ ಅನ್ನಲಿಲ್ಲ. ನನಗೆ ಈ ಜಾಗ ಮನಸ್ಸಿಗೆ ಹಿಡಿಸಿದ್ದೇ ಆಗ.

ಬೆಳಿಗ್ಗೆ ತೋಟದ ಅಂಚಿನ ದಾಲ್ಚಿನ್ನಿ ಮರದ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಇದೇ ಪತಂಗದ ಹುಳು, ಬೆರಳಿಗಿಂತ ದಪ್ಪ, ತಿಳಿಹಸಿರು, ಮೈತುಂಬಾ ಬಿಳಿ ಮೇಣದ ಪುಡಿ, ಎಲೆಯನ್ನು ಅಂಚಿನಿಂದ ತಿಂದುಕೊಂಡು ಬರುತ್ತಿತ್ತು. ಮೇಲಿನ ಕೊಂಬೆಯಲ್ಲಿ ಎಲೆ ಸುತ್ತಿಕೊಂಡ ಗೂಡು. ತೋರಿಸದಿದ್ದರೆ ಒಣಗಿದ ಎಲೆ ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಎಲೆ ಉದುರಿದರೆ ಗೂಡೂ ಬೀಳುತ್ತದಲ್ಲ, ಅದಕ್ಕೇ ತೊಟ್ಟನ್ನೂ ಕೊಂಬೆಗೆ ರೇಷ್ಮೆ ಎಳೆಯಿಂದ ಸುತ್ತಿ ಬಿಗಿದಿತ್ತು. ಎಂಥಾ ಕೆಲಸ ಅಲ್ವಾ! ಒಳಗೆ ವಾರಗಟ್ಟಲೆ ಇದ್ದು, ರೆಕ್ಕೆ ಬಲಿತ ಮೇಲೆ ಹೊರಗೆ ಬರುತ್ತದೆ. ಗೂಡು ಕೀಳಲು, ಹುಳು ಮುಟ್ಟಲು ಯಾರನ್ನೂ ಬಿಡುವುದಿಲ್ಲ. ಮಕ್ಕಳಿಗೂ ಅದೇ ಮಾತು.

ಒಂದು ಕೊರತೆ ಇದೆ. ಫ್ಲ್ಯಾಶ್ ಹಾಕಬೇಡಿ ಅಂತ ಮೊದಲೇ ಹೇಳಬೇಕಿತ್ತು, ಪತಂಗ ಕೂತ ಕೂಡಲೇ ಎಲ್ಲರ ಮೊಬೈಲೂ ಮಿಂಚತೊಡಗಿತು. ಪತಂಗ ಬಂದೇ ಬರುತ್ತದೆ ಅಂತ ಇವರು ಮಾತು ಕೊಡುವುದಿಲ್ಲ, ಅದು ಸರಿಯೇ. ಬುಕ್ ಮಾಡುವಾಗ ಅಮಾವಾಸ್ಯೆ ಹತ್ತಿರದ ದಿನ ಕೇಳಿ, ಬೆಳದಿಂಗಳಿದ್ದರೆ ಬಲ್ಬಿಗೆ ಬರುವುದು ಕಡಿಮೆ. ಮಳೆಗಾಲದಲ್ಲಾದರೆ ಇಂಬಳ (ಜಿಗಣೆ) ಜಾಸ್ತಿ, ಉದ್ದ ಸಾಕ್ಸ್ ತೊಗೊಂಡು ಹೋಗಿ.